ಗ್ಯಾಸ್ ಖರ್ಚಾಗುವುದಿಲ್ಲ, ಸೋರುತ್ತದೆ

ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ಕಾರ್ ಎಸಿ ಮೆಕ್ಯಾನಿಕ್ ಉತ್ತರ

ಪ್ರಶ್ನೆ: ನನ್ನದು ಎರಡೇ ಸೀಟಿನ, ಟಾಪ್ ಮಡಚುವ ಸ್ಪೋರ್ಟ್ಸ್ ಕಾರು. ಎಂಜಿನ್ ಸೀಟಿನ ಹಿಂದಿದೆ. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಭಾನುವಾರ ಬೆಳಿಗ್ಗೆ ಚಿತ್ರದುರ್ಗದವರೆಗೆ ಹೋಗಿ ಬರುತ್ತೇನೆ, ಉಳಿದ ದಿನ ಮನೆ ಮುಂದಿನ ಹೊಂಗೆ ಮರದ ಕೆಳಗೆ ಕವರ್ ಹಾಕಿ ನಿಲ್ಲಿಸಿರುತ್ತೇನೆ. ಕಳೆದ ವರ್ಷ ಎಸಿ ತಣ್ಣಗಾಗುವುದು ನಿಂತಿತು. ಗ್ಯಾಸ್ ತುಂಬಿಸಿದೆ, ಐದು ತಿಂಗಳು ಬಂತು. ಮತ್ತೆ ತುಂಬಿಸಿದೆ, ಎರಡೂವರೆ ತಿಂಗಳು. ಮೂರನೇ ಸಲ ನಲವತ್ತೇ ದಿನ. ಪ್ರತಿ ಸಲವೂ ‘ವ್ಯಾಕ್ಯೂಮ್ ನಿಂತಿದೆ, ಲೀಕ್ ಇಲ್ಲ’ ಅಂತಾರೆ. ಸ್ಪೋರ್ಟ್ಸ್ ಕಾರು ಗ್ಯಾಸ್ ಜಾಸ್ತಿ ತಿನ್ನುತ್ತದೆ ಎಂದೂ ಒಬ್ಬರು ಹೇಳಿದರು. ನಿಜವೇ?
— ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕಾರಿನ ಎಸಿ ಗ್ಯಾಸು ಪೆಟ್ರೋಲಿನ ಹಾಗೆ ಉರಿದು ಮುಗಿಯುವಂಥದ್ದಲ್ಲ. ಅದೇ ಗ್ಯಾಸು ಅದನ್ನು ಒತ್ತುವ ಕಂಪ್ರೆಸರ್‌ನಿಂದ ಬಿಸಿ ಹೊರಹಾಕುವ ಕಂಡೆನ್ಸರ್‌ಗೆ, ಅಲ್ಲಿಂದ ಒತ್ತಡ ಇಳಿಸುವ ಎಕ್ಸ್‌ಪ್ಯಾನ್ಶನ್ ವಾಲ್ವ್ ದಾಟಿ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ಗೆ, ಮತ್ತೆ ವಾಪಸ್ ಕಂಪ್ರೆಸರ್‌ಗೆ ಸುತ್ತುತ್ತಲೇ ಇರುತ್ತದೆ. ರಬ್ಬರ್ ಹೋಸ್‌ಗಳ ಮೂಲಕ ವರ್ಷಕ್ಕೆ ಒಂದಿಷ್ಟು ಗ್ರಾಂ ಬೆವರಿದ ಹಾಗೆ ಹೋಗುವುದು ಉಂಟು. ಆದರೆ ಐದು ತಿಂಗಳಿಗೆ ಖಾಲಿ ಆಯಿತು ಅಂದರೆ ಎಲ್ಲೋ ತೂತಿದೆ. ಕಾರು ಯಾವುದಾದರೂ ಇರಲಿ, ಇದರಲ್ಲಿ ಎರಡು ಮಾತಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಹಿಡಿದದ್ದು ಆ ಮೂರು ಲೆಕ್ಕ. ಐದು ತಿಂಗಳು, ಎರಡೂವರೆ ತಿಂಗಳು, ನಲವತ್ತು ದಿನ. ತೂತು ದೊಡ್ಡದಾಗುತ್ತಾ ಬಂದಿದೆ. ಜಾಯಿಂಟಿನೊಳಗಿನ ರಬ್ಬರ್ ಬಳೆ, ಅಂದರೆ ಓ-ರಿಂಗ್, ಒಣಗಿದ್ದರೆ ಸೋರಿಕೆ ಸಾಮಾನ್ಯವಾಗಿ ಇಷ್ಟು ಬೇಗ ಬೆಳೆಯುವುದಿಲ್ಲ. ಲೋಹ ತುಕ್ಕು ಹಿಡಿದು ಸವೆಯುತ್ತಿದ್ದರೆ ಹೀಗಾಗುತ್ತದೆ. ಅದಕ್ಕೇ ಪತ್ರಿಕೆಯವರ ಮೂಲಕ ನಿಮ್ಮನ್ನು ಹುಡುಕಿ ಕಾರನ್ನು ನಮ್ಮ ಶೆಡ್ಡಿಗೆ ತರಿಸಿದ್ದು. ಇಂಥದೇ ತೊಂದರೆಯ ಪತ್ರಗಳು ಬೇರೆಯವರಿಂದಲೂ ಬಂದಿರುವುದರಿಂದ ಅವತ್ತು ನಾವು ಮಾಡಿದ್ದನ್ನೆಲ್ಲ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಮೂರು ಗಂಟೆ, ಶೆಡ್ಡಿನೊಳಗೆ 34 ಡಿಗ್ರಿ. ಎಂಜಿನ್ ತಣ್ಣಗಾಗುವವರೆಗೆ ಕಾದು, ಸ್ಟಾರ್ಟ್ ಮಾಡದೆ ಗೇಜ್ ಹಾಕಿದೆವು. ಎರಡೂ ಮುಳ್ಳು 60 ಪಿಎಸ್‌ಐ (ಒತ್ತಡದ ಅಳತೆ, ಟೈರಿನ ಗಾಳಿಗೂ ಇದೇ) ಹತ್ತಿರ ನಿಂತವು. ಈ ಕಾರಿನಲ್ಲಿರುವುದು ಆರ್-134ಎ. ಪೈಪಿನೊಳಗೆ ಆ ಗ್ಯಾಸು ದ್ರವವಾಗಿ ಒಂದು ಲೋಟದಷ್ಟು ಉಳಿದಿದ್ದರೂ 34 ಡಿಗ್ರಿಯಲ್ಲಿ ಗೇಜ್ 110ರ ಆಸುಪಾಸು ತೋರಿಸಬೇಕು. ಅರವತ್ತು ಅಂದರೆ ದ್ರವ ಪೂರ್ತಿ ಹೋಗಿದೆ, ಬರೀ ಆವಿ ಉಳಿದಿದೆ. ಒಂದು ಮಾತು ನೆನಪಿಡಿ. ದ್ರವ ಇರುವವರೆಗೂ, ಅರ್ಧ ಗ್ಯಾಸ್ ಸೋರಿದ್ದರೂ, ನಿಂತ ಕಾರಿನ ಗೇಜು ಅದೇ 110 ತೋರಿಸುತ್ತದೆ. ಹಾಗಾಗಿ ‘ಪ್ರೆಶರ್ ಸರಿ ಇದೆ, ಗ್ಯಾಸ್ ಸರಿ ಇದೆ’ ಎಂಬ ಮಾತನ್ನು ನಂಬಬೇಡಿ. ಎಷ್ಟಿದೆ ಅಂತ ಹೇಳುವುದು ತಕ್ಕಡಿ ಒಂದೇ. ನಿಮ್ಮ ಕಾರಿನ ಸ್ಟಿಕರ್‌ನಲ್ಲಿ 850 ಗ್ರಾಂ ಅಂತಿತ್ತು. ಮೆಷಿನ್‌ನಿಂದ ಹೊರಗೆಳೆದು ತೂಗಿದಾಗ ಸಿಕ್ಕಿದ್ದು 110 ಗ್ರಾಂ.

ಆಮೇಲೆ ವ್ಯಾಕ್ಯೂಮ್ ಎಳೆದೆವು, ಅಂದರೆ ಪೈಪಿನೊಳಗೆ ಉಳಿದದ್ದನ್ನೆಲ್ಲ ಪಂಪಿನಿಂದ ಹೊರಗೆಳೆದೆವು. ಇಪ್ಪತ್ತು ನಿಮಿಷ ಬಿಟ್ಟರೂ ಮುಳ್ಳು ಅಲುಗಲಿಲ್ಲ. ನಿಮಗೆ ಹಿಂದೆ ಹೇಳಿದವರು ಸುಳ್ಳು ಹೇಳಿಲ್ಲ, ಅವರು ಕಂಡಿದ್ದೂ ಇದನ್ನೇ. ಆದರೆ ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವವನು ಏನು ಮಾಡುತ್ತಾನೆ ಯೋಚಿಸಿ. ಟ್ಯೂಬಿನ ಗಾಳಿ ಎಳೆದು ನೋಡುತ್ತಾನೆಯೇ? ಗಾಳಿ ತುಂಬಿ ನೀರಿನಲ್ಲಿ ಅದ್ದುತ್ತಾನೆ. ವ್ಯಾಕ್ಯೂಮ್‌ನಲ್ಲಿ ಹೊರಗಿನ ಗಾಳಿ ಒಳಕ್ಕೆ ಒತ್ತುವುದು ಹೆಚ್ಚೆಂದರೆ 15 ಪಿಎಸ್‌ಐ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಎಸಿ ಓಡುವಾಗ ಕಂಡೆನ್ಸರ್ ಒಳಗೆ 250 ಪಿಎಸ್‌ಐ ಒತ್ತಡ, ಅದೂ ಒಳಗಿನಿಂದ ಹೊರಕ್ಕೆ. ಸಣ್ಣ ತೂತು ಎಣ್ಣೆ, ಕೆಸರು ಸೇರಿ ವ್ಯಾಕ್ಯೂಮ್‌ಗೆ ಮುಚ್ಚಿಕೊಳ್ಳುತ್ತದೆ, ಒತ್ತಡಕ್ಕೆ ಬಾಯಿ ಬಿಡುತ್ತದೆ. ವ್ಯಾಕ್ಯೂಮ್ ಇರುವುದು ಪೈಪಿನೊಳಗಿನ ಗಾಳಿ ಮತ್ತು ತೇವ ತೆಗೆಯುವುದಕ್ಕೆ. ಅದನ್ನೇ ಲೀಕ್ ಪರೀಕ್ಷೆ ಅಂದುಕೊಂಡು ಗ್ಯಾಸ್ ತುಂಬುವುದು ನಮ್ಮ ಕಸುಬಿನಲ್ಲಿ ತುಂಬಾ ಬೇರು ಬಿಟ್ಟ ತಪ್ಪು.

ಹಾಗಾಗಿ ಒಣ ನೈಟ್ರೋಜನ್ ಹಾಕಿ 150 ಪಿಎಸ್‌ಐಗೆ ನಿಲ್ಲಿಸಿ, ಗೇಜಿನ ಪಕ್ಕ ಸೀಮೆಸುಣ್ಣದಲ್ಲಿ ಸಮಯ ಬರೆದು ಶೆಡ್ಡು ಮುಚ್ಚಿದೆವು. ಬೆಳಿಗ್ಗೆ ಹುಡುಗ ಓಡಿ ಬಂದು ‘ಅಣ್ಣಾ, ಇಳಿದೈತೆ’ ಅಂದ. ನಾನು ಕಾಯೋಣ ಅಂದೆ. ರಾತ್ರಿ ಹತ್ತು ಡಿಗ್ರಿ ತಣ್ಣಗಾದರೆ ಲೀಕ್ ಇಲ್ಲದ ಸಿಸ್ಟಮ್‌ನಲ್ಲೂ ಐದಾರು ಪಿಎಸ್‌ಐ ಇಳಿಯುತ್ತದೆ. ಮರುದಿನ ಅದೇ ಮೂರು ಗಂಟೆಗೆ, ಅದೇ ಸೆಕೆಯಲ್ಲಿ ನೋಡಿದಾಗ 136. ಈಗ ಸೋರಿಕೆ ಖಾತ್ರಿಯಾಯಿತು.

ಎಲ್ಲಿ? ನಿಮ್ಮಂಥ ಕಾರಿನಲ್ಲಿ ಹುಡುಕುವ ದಾರಿ ಉದ್ದ. ಕಂಪ್ರೆಸರ್ ಹಿಂದೆ ಎಂಜಿನ್ ಜೊತೆಗಿದೆ, ಕಂಡೆನ್ಸರ್ ಮುಂದಿದೆ. ನಡುವೆ ಎರಡು ಅಲ್ಯೂಮಿನಿಯಂ ಪೈಪುಗಳು ಕಾರಿನ ಹೊಟ್ಟೆಯ ಕೆಳಗೆ ಉದ್ದಕ್ಕೂ ಹೋಗಿವೆ. ನೀರಿನಿಂದ ತಣ್ಣಗಾಗುವ ಎಂಜಿನ್ ಬಂದ ಮೇಲಿನ ಪೋರ್ಷೆ 911, ಬಾಕ್ಸ್‌ಸ್ಟರ್ ಕಾರುಗಳಲ್ಲೂ ವಿನ್ಯಾಸ ಹೀಗೇ: ಬಂಪರಿನ ಎರಡು ಮೂಲೆಗಳಲ್ಲಿ ಒಂದೊಂದು ರೇಡಿಯೇಟರ್, ಅದರ ಮುಂದೆ ಒಂದೊಂದು ಕಂಡೆನ್ಸರ್. ಎಂಜಿನ್ ಮುಂದಿರುವ ಮಸ್ಟ್ಯಾಂಗ್‌ನಂಥ ಕಾರಾದರೆ ನಮ್ಮ ಸಾಮಾನ್ಯ ಕಾರುಗಳಂತೆ ಎದುರಿಗೆ ಒಂದೇ ಕಂಡೆನ್ಸರ್.

ಲಿಫ್ಟ್ ಮೇಲೆ ಹತ್ತಿಸಿ ಮೊದಲು ಹೊಟ್ಟೆ ಕೆಳಗಿನ ಪೈಪ್ ನೋಡಿದೆವು. ರೋಡ್ ಹಂಪ್ ಉಜ್ಜಿದ ಗುರುತು ಒಂದು ಕಡೆ ಇತ್ತು, ಪೈಪಿಗೆ ಪೆಟ್ಟಾಗಿರಲಿಲ್ಲ. ಪೈಪ್ ಹಿಡಿದಿರುವ ಕ್ಲಿಪ್‌ಗಳನ್ನೂ ಒಂದೊಂದಾಗಿ ಬಿಡಿಸಿ ನೋಡಬೇಕು. ಕ್ಲಿಪ್ಪಿನೊಳಗಿನ ರಬ್ಬರ್ ಸವೆದು ಕಬ್ಬಿಣ ಅಲ್ಯೂಮಿನಿಯಂಗೆ ತಾಗಿದರೆ, ಮಳೆನೀರು ಸೇರಿ ಆ ಜಾಗ ಬಿಳಿ ಪುಡಿಯಾಗಿ ಕರಗುತ್ತದೆ. ಅಲ್ಲಿ ಚೆನ್ನಾಗಿತ್ತು. ಕಂಪ್ರೆಸರ್ ಮುಂಭಾಗದ ಶಾಫ್ಟ್ ಸೀಲ್ ಹತ್ತಿರ ಎಣ್ಣೆ ಇರಲಿಲ್ಲ. ಗ್ಯಾಸ್ ಸೋರುವಲ್ಲಿ ಕಂಪ್ರೆಸರ್ ಆಯಿಲ್ ಕೂಡ ಸ್ವಲ್ಪ ಸ್ವಲ್ಪ ಬರುತ್ತದೆ, ಧೂಳು ಅದಕ್ಕೆ ಅಂಟುತ್ತದೆ. ಒಣ ಧೂಳಿನ ನಡುವೆ ಜಿಡ್ಡು ಧೂಳು ಕಂಡರೆ ಅಲ್ಲಿ ನಿಲ್ಲಬೇಕು.

ಮುಂದಿನ ಬಂಪರ್ ಬಿಚ್ಚಿದೆವು. ಗಾಳಿ ಒಳಗೆ ಹೋಗುವ ಬಲಗಡೆಯ ಬಾಯಿಯಿಂದ ಹುಡುಗ ಎರಡು ಬೊಗಸೆ ಕಸ ತೆಗೆದ. ಹೊಂಗೆ ಎಲೆ, ಬೇವಿನ ಎಲೆ, ಭತ್ತದ ಹೊಟ್ಟು, ಒಂದು ಗುಟ್ಕಾ ಚೀಟಿ. ಮೇಲಿನವು ಒಣಗಿದ್ದವು, ಕೆಳಗಿನವು ಕಪ್ಪಾಗಿ ಕೊಳೆತು ಗೊಬ್ಬರದ ವಾಸನೆ ಹೊಡೆಯುತ್ತಿತ್ತು. ನಿಮ್ಮ ಕಾರಿನ ಬಾಯಿ ರಸ್ತೆಯಿಂದ ಒಂದು ಗೇಣು ಮೇಲಿದೆ, ಅಷ್ಟೇ. ರೈಸ್ ಮಿಲ್ ಲಾರಿ ಹೋದ ರಸ್ತೆಯಲ್ಲಿ ಬಿದ್ದಿದ್ದನ್ನೆಲ್ಲ ಅದು ಒಳಗೆ ಎಳೆದುಕೊಳ್ಳುತ್ತದೆ. ಎಳೆದುಕೊಂಡದ್ದು ಹೊರಗೆ ಹೋಗಲು ದಾರಿ ಇಲ್ಲ. ಮಳೆಗಾಲದಲ್ಲಿ ನೆನೆದರೆ ತಿಂಗಳುಗಟ್ಟಲೆ ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ. ಕಂಡೆನ್ಸರ್ ಅಲ್ಯೂಮಿನಿಯಂ, ಕೊಳವೆಯ ಗೋಡೆ ಒಂದು ಮಿಲಿಮೀಟರೂ ದಪ್ಪವಿರುವುದಿಲ್ಲ.

ಕಸ ತೆಗೆದು, ಮೆತ್ತಗೆ ನೀರು ಬಿಟ್ಟು ಒಣಗಿಸಿ, ಶಾಂಪೂ ನೀರಿನ ನೊರೆಯನ್ನು ಬ್ರಷ್‌ನಲ್ಲಿ ಹಚ್ಚುತ್ತಾ ಬಂದೆ. ಮೇಲಿನ ಸಾಲುಗಳಲ್ಲಿ ಏನೂ ಇಲ್ಲ. ಕೆಳಗಿನಿಂದ ಎರಡನೇ ಕೊಳವೆಯಲ್ಲಿ, ಬಲ ತುದಿಯಿಂದ ನಾಲ್ಕು ಬೆರಳು ಈಚೆಗೆ ನೊರೆ ಸುಮ್ಮನಿತ್ತು. ಹಾಗೇ ನೋಡುತ್ತಾ ಕೂತೆ. ಅರ್ಧ ನಿಮಿಷದ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಪಕ್ಕ ಒಂದು ಮೂಡಿ ಬಿಳಿ ಗೊಂಚಲಾಯಿತು. ಒರೆಸಿ ಮತ್ತೆ ಹಚ್ಚಿದೆ, ಮತ್ತೆ ಅದೇ ಜಾಗ. ಭೂತಗನ್ನಡಿ ಹಿಡಿದರೆ ಬಿಳಿ ತುಕ್ಕಿನ ನಡುವೆ ಸೂಜಿ ಮೊನೆಯಷ್ಟು ಕಪ್ಪು ಚುಕ್ಕೆ. ನಿಮ್ಮ ಮೂರು ಸಲದ ದುಡ್ಡು ಹೋದದ್ದು ಆ ಚುಕ್ಕೆಯಿಂದ.

ಅಲ್ಲಿಗೇ ನಿಲ್ಲಿಸಲಿಲ್ಲ. ಒಂದು ಲೀಕ್ ಸಿಕ್ಕ ಖುಷಿಯಲ್ಲಿ ಎರಡನೆಯದನ್ನು ಬಿಟ್ಟರೆ ಗಿರಾಕಿ ಮತ್ತೆ ಬರಬೇಕಾಗುತ್ತದೆ. ಗ್ಯಾಸ್ ತುಂಬುವ, ಗೇಜ್ ಹಾಕುವ ಎರಡು ಸರ್ವಿಸ್ ಪೋರ್ಟ್‌ಗಳಲ್ಲಿ ಹೆಚ್ಚು ಒತ್ತಡದ ಕಡೆಯದಕ್ಕೆ (ಹೈ ಸೈಡ್) ಮುಚ್ಚಳವೇ ಇರಲಿಲ್ಲ, ಒಳಗಿನ ವಾಲ್ವ್ ಪಿನ್ ಕೂಡ ನಿಧಾನಕ್ಕೆ ಗುಳ್ಳೆ ಬಿಡುತ್ತಿತ್ತು. ಸೈಕಲ್ ವಾಲ್ವ್ ಥರದ್ದೇ ಅದು, ಕಿರುಬೆರಳಿನ ಉಗುರಿಗಿಂತ ಸಣ್ಣದು. ಆ ಮುಚ್ಚಳವನ್ನು ಎಷ್ಟೋ ಜನ ಧೂಳಿಗೆ ಅಂದುಕೊಂಡಿದ್ದಾರೆ. ಒಳಗೆ ಅದಕ್ಕೊಂದು ರಬ್ಬರ್ ರಿಂಗ್ ಇದೆ, ಗ್ಯಾಸ್ ತಡೆಯುವುದರಲ್ಲಿ ಅದರ ಪಾಲು ದೊಡ್ಡದು. ಗ್ಯಾಸ್ ತುಂಬಿಸಿದ ಮೇಲೆ ಎರಡೂ ಮುಚ್ಚಳ ಇವೆಯೇ ಅಂತ ನೀವೇ ನೋಡಿ, ಆಮೇಲೆ ದುಡ್ಡು ಕೊಡಿ.

ಕಂಡೆನ್ಸರ್ ಬದಲಾಯಿಸಲೇಬೇಕು. ಬೆಸುಗೆ ಹಾಕಿಕೊಡುತ್ತೇವೆ ಅನ್ನುವವರು ಇದ್ದಾರೆ. ಆದರೆ ಈ ತೆಳು ಕೊಳವೆಯ ಪಕ್ಕದ ಲೋಹವೂ ಅಷ್ಟೇ ಸವೆದಿರುತ್ತದೆ, ಆರು ತಿಂಗಳಿಗೆ ಪಕ್ಕದಲ್ಲಿ ಬಾಯಿ ಬಿಡುತ್ತದೆ. ಎಡಗಡೆಯದರಲ್ಲೂ ಬಿಳಿ ಪುಡಿ ಶುರುವಾಗಿದ್ದರಿಂದ ಎರಡನ್ನೂ ಹಾಕಿಸಿ ಅಂದೆ, ಖರ್ಚು ಜಾಸ್ತಿಯಾದರೂ ನೀವು ಒಪ್ಪಿದಿರಿ. ಜೊತೆಗೆ ರಿಸೀವರ್ ಡ್ರೈಯರ್ ಹೊಸದು. ತೇವ ಹೀರುವ ಕಾಳುಗಳು ಅದರಲ್ಲಿರುತ್ತವೆ, ಸಿಸ್ಟಮ್ ಬಿಚ್ಚಿದಾಗಲೆಲ್ಲ ಬದಲಾಯಿಸಬೇಕು. ಬಿಚ್ಚಿದ ಪ್ರತಿ ಜಾಯಿಂಟಿಗೆ ಹೊಸ ಓ-ರಿಂಗ್, ಆಯಿಲ್ ಸವರಿ. ಒಣ ಓ-ರಿಂಗ್ ಹಾಕಿ ಬಿಗಿ ಮಾಡಿದರೆ ತಿರುಚಿಕೊಂಡು ಅಂದೇ ಸೀಳುತ್ತದೆ. ಹಳೆಯ ಕಂಡೆನ್ಸರ್ ಜೊತೆ ಹೋದ ಆಯಿಲ್ ಲೆಕ್ಕ ಹಾಕಿ ಅಷ್ಟೇ ವಾಪಸ್ ಹಾಕಿದೆವು. ಮತ್ತೆ 150 ನೈಟ್ರೋಜನ್, ಮರುದಿನ ಅದೇ ಹೊತ್ತಿಗೆ 150. ಮುಕ್ಕಾಲು ಗಂಟೆ ವ್ಯಾಕ್ಯೂಮ್. ಕೊನೆಗೆ ತಕ್ಕಡಿ ಇಟ್ಟು ಸರಿಯಾಗಿ 850 ಗ್ರಾಂ. ಹೊರಗೆ 35 ಡಿಗ್ರಿ ಇದ್ದಾಗ ನಡುವಿನ ವೆಂಟ್‌ನಲ್ಲಿ 8 ಡಿಗ್ರಿ ಬಂತು.

ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಎರಡೂ ಬಾಯಿಗೆ ಜಾಲರಿ ಹಾಕಿಸಿ, ಕಣ್ಣು ಐದು ಮಿಲಿಮೀಟರ್ ಇರಲಿ. ಸೊಳ್ಳೆ ಪರದೆಯ ಜಾಲರಿ ಹಾಕಿದರೆ ಗಾಳಿ ಕಟ್ಟಿಕೊಂಡು ಎಂಜಿನ್ನೇ ಬಿಸಿಯಾಗುತ್ತದೆ. ಸ್ಟೀಲ್ ಜಾಲರಿ ಅಲ್ಯೂಮಿನಿಯಂಗೆ ತಾಗಬಾರದು, ಬಂಪರಿಗೆ ಕೂರಿಸಬೇಕು. ಹೊಂಗೆ, ಬೇವು ಎಲೆ ಉದುರಿ ಮುಗಿದ ಮೇಲೆ ಒಂದು ಸಲ, ಮಳೆಗಾಲ ಮುಗಿದ ಮೇಲೆ ಒಂದು ಸಲ ಬಂಪರ್ ಬಿಚ್ಚಿಸಿ ಕಸ ತೆಗೆಸಿ. ವಾಟರ್ ವಾಶ್‌ನವನ ಪ್ರೆಶರ್ ಗನ್ ಅದರ ಹತ್ತಿರ ಸುಳಿಯಬಾರದು, ಕೊಳವೆಗಳ ನಡುವಿನ ತೆಳು ತಗಡಿನ ಫಿನ್‌ಗಳು ಮಡಚಿಕೊಳ್ಳುತ್ತವೆ. ಆಸಿಡ್ ಇರುವ ಕ್ಲೀನರ್ ಬೇಡವೇ ಬೇಡ. ಮನೆಯ ಪೈಪಿನ ನೀರು ಸಾಕು. ಹೈವೇಯಲ್ಲಿ ಕಲ್ಲು, ಜಲ್ಲಿ ತುಂಬಿದ ಟಿಪ್ಪರ್ ಹಿಂದೆ ಅಂಟಿಕೊಂಡು ಹೋಗಬೇಡಿ. ಅದರ ಟೈರಿನಿಂದ ಸಿಡಿಯುವ ಕಲ್ಲು ನಿಮ್ಮ ಕಾರಿನ ಎತ್ತರಕ್ಕೆ ನೇರ ಕಂಡೆನ್ಸರ್‌ಗೇ ಬಡಿಯುತ್ತದೆ. ಮರದ ಕೆಳಗಿನ ಜಾಗ ಬದಲಾಯಿಸಲು ಆಗುತ್ತದೆಯೇ ನೋಡಿ.

ಇನ್ನೊಂದು ಮಾತು, ಇದನ್ನು ಹೇಳದೆ ಬಿಡಲಾರೆ. ಆರ್-134ಎ ಒಂದು ಕಿಲೋ ಗಾಳಿಗೆ ಸೇರಿದರೆ ಅದು ಭೂಮಿಯನ್ನು ಬಿಸಿ ಮಾಡುವುದು 1,430 ಕಿಲೋ ಕಾರ್ಬನ್ ಡೈಆಕ್ಸೈಡ್‌ನಷ್ಟು. ನಿಮ್ಮ ಕಾರಿನ 850 ಗ್ರಾಂ ಒಂದು ಸಲ ಸೋರಿದರೆ ಸುಮಾರು 1.2 ಟನ್ ಆಯಿತು. ಸುಮಾರು 500 ಲೀಟರ್ ಪೆಟ್ರೋಲ್ ಸುಟ್ಟ ಹೊಗೆಗೆ ಸಮ. ಅಷ್ಟು ಪೆಟ್ರೋಲಿಗೆ ಭಾನುವಾರ ಭಾನುವಾರ ನೀವು ದುರ್ಗಕ್ಕೆ ಎಷ್ಟು ಸಲ ಹೋಗಿ ಬರಬಹುದು ಲೆಕ್ಕ ಹಾಕಿ. ತೂತು ಹುಡುಕದೆ ಗ್ಯಾಸ್ ತುಂಬುವ ಪ್ರತಿ ಶೆಡ್ಡಿನಿಂದ ಇದು ದಿನವೂ ಆಕಾಶಕ್ಕೆ ಹೋಗುತ್ತಿದೆ.

ಪ್ರಶ್ನೆ: ಸ್ವಲ್ಪ ಗ್ಯಾಸ್ ಕಡಿಮೆಯಿದ್ದರೆ ಏನಾಗುತ್ತದೆ? ತಂಪು ಕಡಿಮೆ ಬರುತ್ತದೆ ಅಷ್ಟೇ ತಾನೆ? ಬೇಸಿಗೆ ಬಂದಾಗ ಒಂದು ಸಲ ಟಾಪ್ ಅಪ್ ಮಾಡಿಸಿಕೊಂಡರೆ ಸಾಲದೇ?
— ಓದುಗರೊಬ್ಬರು, ಹದಡಿ ರಸ್ತೆ, ದಾವಣಗೆರೆ

ಉತ್ತರ: ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ಕೆಲಸ ಕಲಿತ ದಿನಗಳಲ್ಲಿ ಆರ್-12 ಗ್ಯಾಸ್ ಇತ್ತು. ಓಝೋನ್ ಪದರ ಹಾಳಾಗುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದ ಆದ ಮೇಲೆ ಅದು ಹಂತ ಹಂತವಾಗಿ ಹೋಗಿ ಆರ್-134ಎ ಬಂತು. ಗ್ಯಾಸ್ ಬದಲಾದರೂ ನಮ್ಮ ಕೈ ಅಭ್ಯಾಸ ಬದಲಾಗಲಿಲ್ಲ. ಹಳೇ ಗಿರಾಕಿಯೊಬ್ಬರ ಕಾರಿಗೆ ಒಂದೇ ಬೇಸಿಗೆಯಲ್ಲಿ ಮೂರು ಸಲ ತುಂಬಿಕೊಟ್ಟೆ. ಮಗಳ ಮದುವೆ ಹತ್ತಿರ ಇತ್ತು, ಅವರಿಗೂ ಅವಸರ, ನಾನೂ ಹುಡುಕಲಿಲ್ಲ. ಮದುವೆಯ ಹಿಂದಿನ ದಿನ ಹರಿಹರದ ಸೇತುವೆ ದಾಟುವಾಗ ಕಂಪ್ರೆಸರ್ ಜಾಮ್ ಆಗಿ ಬೆಲ್ಟ್ ಸುಟ್ಟು ಕಾರು ನಿಂತಿತು. ಬಿಚ್ಚಿ ನೋಡಿದರೆ ಒಳಗೆ ಒಂದು ಹನಿ ಆಯಿಲ್ ಇಲ್ಲ, ಪಿಸ್ಟನ್ ಉಜ್ಜಿ ಬೂದು ಬಣ್ಣದ ಪುಡಿ.

ಕಾರಣ ಇಷ್ಟೇ. ಕಂಪ್ರೆಸರ್‌ಗೆ ಬೇರೆ ಆಯಿಲ್ ಪಂಪ್ ಇಲ್ಲ. ಆಯಿಲು ಗ್ಯಾಸಿನ ಜೊತೆ ಪ್ರಯಾಣ ಮಾಡಿ, ಗ್ಯಾಸಿನ ಜೊತೆಯೇ ಮರಳಿ ಬರಬೇಕು. ಗ್ಯಾಸ್ ಕಡಿಮೆಯಾದರೆ ಆಯಿಲು ದಾರಿಯಲ್ಲೇ ಉಳಿಯುತ್ತದೆ, ಸೋರುವ ತೂತಿನಿಂದ ಹೊರಗೂ ಹೋಗುತ್ತದೆ. ಟಾಪ್ ಅಪ್ ಮಾಡುವವನು ಗ್ಯಾಸ್ ಮಾತ್ರ ಹಾಕುತ್ತಾನೆ. ಹಳೆಯ ಕಾರುಗಳಲ್ಲಿ ಗ್ಯಾಸ್ ತೀರ ಇಳಿದರೆ, ಕಂಪ್ರೆಸರನ್ನು ಬೆಲ್ಟಿಗೆ ಜೋಡಿಸುವ ಕ್ಲಚ್ ಬಿಟ್ಟುಕೊಂಡು ಅದು ನಿಲ್ಲುತ್ತಿತ್ತು. ಈಗಿನ ಎಷ್ಟೋ ಕಾರುಗಳಲ್ಲಿ ಕಂಪ್ರೆಸರ್‌ಗೆ ಆ ಕ್ಲಚ್ಚೇ ಇಲ್ಲ, ಎಂಜಿನ್ ತಿರುಗಿದಷ್ಟು ಹೊತ್ತೂ ಕಂಪ್ರೆಸರ್ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಅಂಥ ಕಾರನ್ನು ಗ್ಯಾಸ್ ಇಲ್ಲದೆ ಓಡಿಸಬೇಡಿ. ಆ ಗಿರಾಕಿಗೆ ಕಂಪ್ರೆಸರಿನ ಅರ್ಧ ದುಡ್ಡು ನಾನು ಕೊಟ್ಟೆ. ಅವತ್ತಿನಿಂದ ತೂತು ತೋರಿಸದೆ ನಮ್ಮ ಶೆಡ್ಡಿನಲ್ಲಿ ಗ್ಯಾಸ್ ತುಂಬುವುದಿಲ್ಲ.

ಪ್ರಶ್ನೆ: ನಮ್ಮ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲ ಬಳಿ ಮ್ಯಾಟ್ ಒದ್ದೆಯಾಗುತ್ತದೆ. ಎಸಿ ಗ್ಯಾಸ್ ನೀರಾಗಿ ಸೋರುತ್ತಿದೆಯೇ? ತಂಪು ಚೆನ್ನಾಗಿಯೇ ಇದೆ.
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಗಾಬರಿ ಬೇಡ. ಗ್ಯಾಸ್ ಸೋರಿದರೆ ಒದ್ದೆಯಾಗುವುದಿಲ್ಲ, ಅದು −26 ಡಿಗ್ರಿಯಲ್ಲೇ ಕುದಿದು ಗಾಳಿಗೆ ಸೇರುತ್ತದೆ. ನಿಮ್ಮ ಮ್ಯಾಟ್ ಮೇಲಿರುವುದು ಗಾಳಿಯಲ್ಲಿದ್ದ ತೇವ. ತಣ್ಣನೆಯ ಕಾಯಿಲ್ ಮೇಲೆ ಹನಿಯಾಗಿ, ಒಂದು ಸಣ್ಣ ರಬ್ಬರ್ ಪೈಪಿನಿಂದ ಕಾರಿನ ಕೆಳಗೆ ತೊಟ್ಟಿಕ್ಕಬೇಕಿತ್ತು. ಆ ಪೈಪಿನ ಬಾಯಿ ಕಟ್ಟಿದೆ. ನಿಮ್ಮ ಕಡೆ ಮಣ್ಣು ರಸ್ತೆಯ ಓಡಾಟ ಜಾಸ್ತಿಯಾದರೆ ಕೆಸರು, ಕೆಲವೊಮ್ಮೆ ಕಣಜದ ಗೂಡು. ಕೆಳಗಿನಿಂದ ಮೆತ್ತನೆಯ ಪ್ಲಾಸ್ಟಿಕ್ ನಳಿಗೆ ತೂರಿಸಿ ಬಿಡಿಸಬಹುದು. ಕಬ್ಬಿಣದ ತಂತಿ ತುರುಕಬೇಡಿ, ಒಳಗಿನ ಕಾಯಿಲ್ ತೂತಾದರೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ನೀರು ಬೆರಳಿಗೆ ಜಿಗುಟಾಗಿ, ಸಿಹಿ ವಾಸನೆ ಇದ್ದರೆ ಮಾತ್ರ ಅದು ಹೀಟರಿನ ಕೂಲಂಟ್, ಅದು ಬೇರೆ ರಿಪೇರಿ. ಟಾಪ್ ಮಡಚುವ ಕಾರಾಗಿದ್ದರೆ ಛಾವಣಿಯ ನೀರು ಹೋಗುವ ಕಾಲುವೆಗಳನ್ನೂ ನೋಡಿಸಿ, ಅಲ್ಲೂ ಎಲೆ ಕಟ್ಟುತ್ತದೆ.

ಪ್ರಶ್ನೆ: ಲೀಕ್ ಮುಚ್ಚುವ ದ್ರವ ಇರುವ ಗ್ಯಾಸ್ ಕ್ಯಾನ್ ಸಿಗುತ್ತದೆ. ಹಾಕಿದರೆ ಕಂಡೆನ್ಸರ್ ಖರ್ಚು ಉಳಿಯುತ್ತದೆ ಅಂತಾರೆ. ಹಾಕಿಸಲೇ?
— ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ದಯವಿಟ್ಟು ಬೇಡ. ಅಂಥ ಎಷ್ಟೋ ದ್ರವಗಳು ಗಾಳಿಯ ತೇವ ತಾಗಿದಲ್ಲಿ ಗಟ್ಟಿಯಾಗುವಂಥವು. ನಿಮ್ಮ ಪೈಪಿನೊಳಗೇ ತೇವ ಇದ್ದರೆ? ಎಕ್ಸ್‌ಪ್ಯಾನ್ಶನ್ ವಾಲ್ವಿನ ಸೂಜಿಗಣ್ಣಿನಂಥ ದಾರಿಯಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ಆ ಗ್ಯಾಸನ್ನು ತಮ್ಮ ಮೆಷಿನ್‌ಗೆ ಎಳೆದುಕೊಳ್ಳಲು ಒಳ್ಳೆಯ ಶೆಡ್ಡಿನವರು ಒಪ್ಪುವುದಿಲ್ಲ, ಮೆಷಿನ್ನೇ ಕೆಡುತ್ತದೆ.

ಅಗ್ಗದ ಕ್ಯಾನ್ ವಿಷಯದಲ್ಲಿ ಇನ್ನೂ ದೊಡ್ಡ ಭಯ ನಕಲಿ ಗ್ಯಾಸಿನದು. ಆರ್-134ಎ ಹೆಸರಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆಸಿ ಮಾರಿದ್ದು ಉಂಟು. ಅದು ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. 2011ರಲ್ಲಿ ಹಡಗಿನಲ್ಲಿ ಸಾಗಿಸುವ ಶೀತಲ ಕಂಟೇನರ್‌ಗಳು ಹೀಗೇ ಸಿಡಿದು ಕೆಲಸಗಾರರು ಸತ್ತಿದ್ದಾರೆ. ನಮ್ಮ ಹಾಗೆ ಸ್ಪ್ಯಾನರ್ ಹಿಡಿದು ಬದುಕುವವರು. ಅಡುಗೆ ಗ್ಯಾಸ್ ಜಾತಿಯ ಗ್ಯಾಸ್ ಬೆರೆಸಿದ್ದಾದರೆ ಕಾರಿನೊಳಗೆ ಕೂತವರ ಮುಂದೆಯೇ ಬೆಂಕಿಯ ಅಪಾಯ. ಬಿಲ್ ಕೊಡುವ ಅಂಗಡಿಯ, ಸೀಲ್ ಇರುವ ಸಿಲಿಂಡರ್‌ನದೇ ಹಾಕಿಸಿ.

ಪ್ರಶ್ನೆ: ನಾನು ಐಟಿಐ ಮುಗಿಸಿ ಸ್ವಂತ ಎಸಿ ಶೆಡ್ ತೆರೆಯಬೇಕೆಂದಿದ್ದೇನೆ. ಲೀಕ್ ಹುಡುಕಲು ಎಲೆಕ್ಟ್ರಾನಿಕ್ ಸ್ನಿಫರ್ ತಗೊಳ್ಳಲೇ, ಯುವಿ ಡೈ ಕಿಟ್ ತಗೊಳ್ಳಲೇ? ಒಂದಕ್ಕೆ ಮಾತ್ರ ದುಡ್ಡಿದೆ.
— ಯುವ ಓದುಗ, ಹರಿಹರ

ಉತ್ತರ: ತಮ್ಮಾ, ಎರಡಕ್ಕಿಂತ ಮೊದಲು ನೈಟ್ರೋಜನ್ ಸಿಲಿಂಡರ್, ಒಳ್ಳೆಯ ರೆಗ್ಯುಲೇಟರ್, ಒಂದು ತಕ್ಕಡಿ. ಸೋಪಿನ ನೀರು ಮನೆಯಲ್ಲೇ ಇದೆ. ಮುಕ್ಕಾಲು ಪಾಲು ಲೀಕ್ ಇಷ್ಟರಲ್ಲೇ ಸಿಗುತ್ತವೆ. ರೆಗ್ಯುಲೇಟರ್ ಇಲ್ಲದೆ ನೈಟ್ರೋಜನ್ ಸಿಲಿಂಡರಿಗೆ ಪೈಪ್ ಹಾಕಬಾರದು, ಅದರೊಳಗೆ ಎರಡು ಸಾವಿರ ಪಿಎಸ್‌ಐ ಇರುತ್ತದೆ. ಪಕ್ಕದ ವೆಲ್ಡಿಂಗ್ ಶಾಪಿನಿಂದ ಆಕ್ಸಿಜನ್ ತಂದು ಹಾಕೋಣ ಎಂಬ ಯೋಚನೆ ಕನಸಿನಲ್ಲೂ ಬರಬಾರದು. ಒತ್ತಡದ ಆಕ್ಸಿಜನ್‌ಗೆ ಆಯಿಲ್ ಸೇರಿದರೆ ಬಾಂಬು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯೂ ಬೇಡ, ಅದರಲ್ಲಿ ತೇವ ಇದೆ, ಆರ್-134ಎ ಜೊತೆ ಒತ್ತಡದಲ್ಲಿ ಬೆರೆತರೆ ಉರಿಯಲೂಬಹುದು. ಪೈಪ್ ಬಿಚ್ಚುವಾಗ ಕನ್ನಡಕ ಹಾಕು. ದ್ರವ ಕಣ್ಣಿಗೆ ಸಿಡಿದರೆ ಕಣ್ಣು ಹೆಪ್ಪುಗಟ್ಟುತ್ತದೆ.

ಆಮೇಲೆ ದುಡ್ಡಾದಾಗ, ಸೋರುವ ಗ್ಯಾಸನ್ನು ಮೂಸಿ ಹಿಡಿಯುವ ಸ್ನಿಫರ್ ತಗೋ. ಅದನ್ನು ಜಾಯಿಂಟಿನ ಕೆಳಭಾಗದಲ್ಲಿ ಹಿಡಿಯಬೇಕು, ಗ್ಯಾಸ್ ಗಾಳಿಗಿಂತ ಭಾರ. ಆತುರಪಡದೆ ಸೆಕೆಂಡಿಗೆ ಒಂದು ಇಂಚಿನಂತೆ ಸಾಗಿಸು, ಫ್ಯಾನ್ ಆರಿಸಿರು. ಡ್ಯಾಶ್‌ಬೋರ್ಡ್ ಒಳಗಿನ ಕಾಯಿಲ್ ಮೇಲೆ ಅನುಮಾನ ಇದ್ದರೆ ಕಾರು ಕಾಲು ಗಂಟೆ ಆಫ್ ಮಾಡಿಟ್ಟು ನೀರು ಹೋಗುವ ಡ್ರೈನ್ ಪೈಪಿನ ಬಾಯಿಗೆ ಮೂತಿ ಹಿಡಿ. ಅಲ್ಲಿಗೆ ಸೋಪೂ ತಲುಪುವುದಿಲ್ಲ, ಕಣ್ಣೂ ತಲುಪುವುದಿಲ್ಲ, ಸ್ನಿಫರ್ ಒಂದೇ ಗತಿ. ಆಯಿಲ್ ಜೊತೆ ಬೆರೆಸುವ ಬಣ್ಣ, ಡೈ ಕೂಡ ಒಳ್ಳೆಯದೇ, ತಿಂಗಳಾನುಗಟ್ಟಲೆ ಜಿನುಗುವ ಲೀಕ್ ಯುವಿ ದೀಪ ಹಿಡಿದರೆ ಹಸಿರಾಗಿ ಹೊಳೆಯುತ್ತದೆ. ಒಂದು ಡೋಸ್ ಸಾಕು, ಬಂದವರೆಲ್ಲ ಒಂದೊಂದು ಡೋಸ್ ಹಾಕಿದರೆ ಆಯಿಲ್ ಕೆಡುತ್ತದೆ. ಆಯಿಲ್ ಡಬ್ಬಿಯ ಮುಚ್ಚಳ ತೆರೆದಿಡಬೇಡ, ಕಂಪ್ರೆಸರ್‌ಗೆ ಹಾಕುವ ಪ್ಯಾಗ್ ಆಯಿಲು ಗಾಳಿಯ ತೇವವನ್ನು ಉಪ್ಪಿನ ಹಾಗೆ ಎಳೆದುಕೊಳ್ಳುತ್ತದೆ.

ಬಾಯಿ ಬಿಟ್ಟು ಕೇಳಿದೀಯ, ಖುಷಿಯಾಯಿತು. ಒಂದು ವಾರ ನಮ್ಮ ಶೆಡ್ಡಿಗೆ ಬಾ, ನೊರೆ ನೋಡುತ್ತಾ ಕೂರುವುದನ್ನು ಕಲಿಸುತ್ತೇನೆ.

ಪ್ರಶ್ನೆ: ತಮ್ಮನ ಹೊಸ ಆಮದು ಕಾರಿನ ಬಾನೆಟ್ ಕೆಳಗೆ ಆರ್-1234ವೈಎಫ್ ಅಂತ ಬರೆದಿದೆ. ಅದು ದುಬಾರಿಯಂತೆ. ಮಾಮೂಲಿ ಗ್ಯಾಸ್ ಹಾಕಿಸಬಹುದೇ?
— ಓದುಗರೊಬ್ಬರು, ಹಿರಿಯೂರು

ಉತ್ತರ: ಹಾಕಿಸಬೇಡಿ. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ ಆರ್-134ಎ ನಿಷೇಧವಾಗಿದೆ, ಅದಕ್ಕೇ ಈ ಗ್ಯಾಸ್ ಬಂದದ್ದು. ಇದು ಭೂಮಿಯನ್ನು ಬಿಸಿ ಮಾಡುವುದು ತೀರಾ ಕಡಿಮೆ. ಸ್ವಲ್ಪ ಉರಿಯುವ ಗುಣ ಇರುವುದರಿಂದ ಅದಕ್ಕೆ ಮೆಷಿನ್ ಬೇರೆ, ಪೋರ್ಟಿನ ಅಳತೆಯೂ ಬೇರೆ. ಅಡಾಪ್ಟರ್ ಹಾಕಿ ಹಳೇ ಗ್ಯಾಸ್ ತುಂಬಿಕೊಡುತ್ತೇನೆ ಅನ್ನುವವರ ಹತ್ತಿರ ಕಾರು ಬಿಡಬೇಡಿ. ಗ್ಯಾಸು ದುಬಾರಿ ನಿಜ, ಅದಕ್ಕೇ ಅಂಥ ಕಾರಿನಲ್ಲಿ ಸೋರಿಕೆ ಹುಡುಕಲು ಕೊಡುವ ಕೂಲಿಯೇ ಉಳಿತಾಯ.

ಪ್ರಶ್ನೆ: ಡಿಸೆಂಬರ್, ಜನವರಿಯಲ್ಲಿ ನಮ್ಮಲ್ಲಿ ಎಸಿ ಬೇಕಾಗುವುದೇ ಇಲ್ಲ. ಮೂರು ತಿಂಗಳು ಹಾಕದೇ ಇದ್ದರೆ ತೊಂದರೆಯೇ?
— ಓದುಗರೊಬ್ಬರು, ಜಗಳೂರು

ಉತ್ತರ: ತೊಂದರೆಯೇ. ಕಂಪ್ರೆಸರಿನ ಶಾಫ್ಟ್ ಸೀಲ್ ಆಯಿಲ್ ಹತ್ತಿ ನೆನೆದಿದ್ದರೆ ಮಾತ್ರ ಗ್ಯಾಸ್ ಹಿಡಿಯುತ್ತದೆ, ನಿಂತಲ್ಲೇ ನಿಂತರೆ ಒಣಗುತ್ತದೆ. ಕವರ್ ಹಾಕಿ ಇಡುವ ಕಾರುಗಳಲ್ಲಿ ಮೊದಲು ಕೈಕೊಡುವುದು ಇದೇ. ವಾರಕ್ಕೊಮ್ಮೆ ಹತ್ತು ನಿಮಿಷ ಹಾಕಿ. ಬೆಳಿಗ್ಗೆ ಹೊರಡುವಾಗ ಗಾಜಿನ ಮೇಲೆ ಮಂಜು ಕೂತಿರುತ್ತದಲ್ಲ, ಆಗಲೇ ಎಸಿ ಆನ್ ಮಾಡಿ ಬಿಸಿಗಾಳಿಯ ಕಡೆ ತಿರುಗಿಸಿ. ನೀವು ಊರು ದಾಟುವಷ್ಟರಲ್ಲಿ ಗಾಜೂ ತಿಳಿಯಾಗಿರುತ್ತದೆ, ಸೀಲಿಗೂ ಆಯಿಲ್ ಮುಟ್ಟಿರುತ್ತದೆ.